ಇಲ್ಲದ್ದಕ್ಕೆ ಇದ್ದದ್ದು: ಹೊಸೂರು ಸೀಮೆಯ ಅಡುಗೆಮನೆಯ ಲೆಕ್ಕ

2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿ ಇನ್ನೂ ಮೇಲಕ್ಕೆ ಹೋಗುತ್ತಿದ್ದಾಗ ತಮಿಳುನಾಡು ಸರ್ಕಾರ ಚೆನ್ನೈನ ರೇಷನ್ ಅಂಗಡಿಗಳಲ್ಲಿ 60 ರೂಪಾಯಿಗೆ ಕೆಜಿಯಂತೆ ತಾನೇ ಟೊಮೆಟೊ ಮಾರಿತು. ರಾಯಕೋಟೆಯ ಟೊಮೆಟೊ ಮಂಡಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡ ಹೊಸೂರಿನವರಿಗೂ ಆ ತಿಂಗಳು ಟೊಮೆಟೊ ಅಗ್ಗವಾಗಿರಲಿಲ್ಲ. ಮಂಡಿ ಹತ್ತಿರವಿದ್ದ ಮಾತ್ರಕ್ಕೆ ಬೆಲೆ ಇಳಿಯುವುದಿಲ್ಲ. ಲಾರಿ ಯಾವ ಊರಿಗೆ ಹೊರಟಿದೆಯೋ ಆ ಊರಿನ ಬೆಲೆಯೇ ಇಲ್ಲಿಯ ಬೆಲೆ. ಆಗ ಮನೆಮನೆಯಲ್ಲೂ ಎದ್ದ ಪ್ರಶ್ನೆ ಒಂದೇ: ಟೊಮೆಟೊ ಬದಲು ಏನು ಹಾಕೋದು?

ಯಾವ ಅಡುಗೆಗೆ ಎಂದು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. ತಿಳಿಸಾರಿಗೆ ಟೊಮೆಟೊ ಬೀಳುವುದು ಹುಳಿಗಾಗಿ. ಗೊಜ್ಜಿನಲ್ಲಿ ಅದು ಹುಳಿಯೂ ಹೌದು, ಮೈಯೂ ಹೌದು. ಕೋಳಿಸಾರಿನ ಮಸಾಲೆಯಲ್ಲಿ ಈರುಳ್ಳಿಯ ಜೊತೆ ಬಾಡಿ ಬಣ್ಣ ಕೊಡುತ್ತದೆ, ನಾಲಿಗೆಯ ಮೇಲೆ ನಿಲ್ಲುವ ಒಂದು ರುಚಿ ಕೊಡುತ್ತದೆ; ಅಲ್ಲಿ ಹುಳಿ ನೆಪಕ್ಕೆ ಮಾತ್ರ. ತಿಳಿಸಾರಿಗೆ ನಿಂಬೆಹಣ್ಣು ಸಾಕು. ಗೊಜ್ಜಿಗೆ ನಿಂಬೆಹಣ್ಣು ಹಿಂಡಿದರೆ ಹುಳಿನೀರು ಸಿಗುತ್ತದೆ, ಗೊಜ್ಜು ಸಿಗುವುದಿಲ್ಲ. ಆದ್ದರಿಂದ ಪದಾರ್ಥ ಮುಗಿದಾಗ ಅದರಂತೆ ಕಾಣುವುದು ಯಾವುದು ಎಂದು ಡಬ್ಬಿ ತೆರೆದು ಹುಡುಕುವ ಮೊದಲು, ಇವತ್ತಿನ ಅಡುಗೆಯಲ್ಲಿ ಅದು ಏನೇನು ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಬೇಕು. ಎರಡು ಕೆಲಸ ಮಾಡುತ್ತಿದ್ದರೆ ಎರಡು ಬದಲಿ ಬೇಕಾಗಬಹುದು. ಈ ಬರಹದಲ್ಲಿ ಹೇಳುವುದೆಲ್ಲ ಇದೊಂದೇ ಮಾತಿನ ವಿಸ್ತಾರ.

ಹುಳಿಯಿಂದಲೇ ಶುರುಮಾಡೋಣ, ಲೆಕ್ಕ ಅಲ್ಲಿ ಸ್ಪಷ್ಟವಾಗಿದೆ. ಮಾಗಿದ ಟೊಮೆಟೊದ ತೂಕದಲ್ಲಿ ಆಮ್ಲದ ಪಾಲು ಶೇ. 0.5ರ ಆಸುಪಾಸು, ಬಹುಪಾಲು ಸಿಟ್ರಿಕ್ ಆಮ್ಲ. ನಿಂಬೆರಸದಲ್ಲಿ ಅದೇ ಆಮ್ಲ ಶೇ. 5–6. ಹುಣಸೆ ತಿರುಳಿನಲ್ಲಿ ಶೇ. 10ಕ್ಕೂ ಮೇಲೆ, ಅದು ಟಾರ್ಟಾರಿಕ್ ಆಮ್ಲ. ಚೆನ್ನಾಗಿ ಹುಳಿತ ಮೊಸರಿನಲ್ಲಿ ಶೇ. 1ರ ಹತ್ತಿರ ಲ್ಯಾಕ್ಟಿಕ್ ಆಮ್ಲ. ಈಗ ಕೂಡಿ ಕಳೆಯಿರಿ: ಮಧ್ಯಮ ಗಾತ್ರದ ಎರಡು ಟೊಮೆಟೊ, ಅಂದರೆ ಸುಮಾರು 150 ಗ್ರಾಂ, ಕೊಡುವಷ್ಟು ಹುಳಿಯನ್ನು 7–8 ಗ್ರಾಂ ಹುಣಸೆ ಕೊಡುತ್ತದೆ, ಅದು ಸಣ್ಣ ನೆಲ್ಲಿಕಾಯಿಯಷ್ಟು ಉಂಡೆ. ಇಲ್ಲವೇ 15 ಮಿಲಿಲೀಟರ್ ನಿಂಬೆರಸ. ಇಲ್ಲವೇ ಅರ್ಧ ಲೋಟಕ್ಕೆ ಸ್ವಲ್ಪ ಕಡಿಮೆ ಹುಳಿಮೊಸರು. ಟೊಮೆಟೊ ಜೊತೆಗೆ ಕಳೆದುಹೋದ ನೀರನ್ನೂ ಹಾಕಬೇಕು: 150 ಗ್ರಾಂ ಟೊಮೆಟೊದಲ್ಲಿ 140 ಗ್ರಾಂ ನೀರೇ. ಸಾರು ಗಟ್ಟಿಯಾಯಿತು, ಉಪ್ಪು ಜಾಸ್ತಿಯಾಯಿತು ಎನ್ನುವ ದೂರುಗಳಿಗೆ ಹಲವು ಸಲ ಕಾರಣ ಈ ಮರೆತ ನೀರು.

ಹುಳಿಯ ಪ್ರಮಾಣ ಸರಿಹೋದರೂ ಗುಣ ಬೇರೆಬೇರೆ. ಹುಣಸೆಯ ಹುಳಿ ಎಷ್ಟು ಕುದಿಸಿದರೂ ಜಗ್ಗುವುದಿಲ್ಲ, ಅದಕ್ಕೇ ಹುಳಿಸಾರು ಮರುದಿನಕ್ಕೆ ಇನ್ನೂ ರುಚಿ. ನಿಂಬೆಯ ಹುಳಿಯೂ ಆವಿಯಾಗುವುದಿಲ್ಲ, ಹೋಗುವುದು ಪರಿಮಳ. ಜೊತೆಗೆ ಒಂದು ಕಹಿ ಬಂದು ಕೂರುತ್ತದೆ. ಆದ್ದರಿಂದ ನಿಂಬೆ ಒಲೆ ಆರಿಸಿದ ಮೇಲೆ. ಮೊಸರು ಬಿಸಿ ತಾಕಿದರೆ ಒಡೆಯುತ್ತದೆ. ಒಂದು ಚಮಚ ಅಕ್ಕಿಹಿಟ್ಟನ್ನೋ ಕಡಲೆಹಿಟ್ಟನ್ನೋ ಮೊಸರಿಗೇ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ ಹಿಟ್ಟಿನ ಪಿಷ್ಟ ಹಾಲಿನ ಪ್ರೋಟೀನಿಗೆ ಅಡ್ಡ ನಿಂತು ಗಂಟುಕಟ್ಟಲು ಬಿಡುವುದಿಲ್ಲ. ಮಜ್ಜಿಗೆ ಹುಳಿಗೆ ಕಡಲೆಬೇಳೆ ನೆನೆಸಿ ರುಬ್ಬುವುದರ ಗುಟ್ಟು ಇದೇ.

ತಿರುಗಿಸಿ ನೋಡಿದರೆ, ಹುಣಸೆ ಮುಗಿದಾಗ ಏನು? ಹುಣಸೆಯಲ್ಲಿ ಹುಳಿಯ ಜೊತೆ ಸಾಕಷ್ಟು ಸಕ್ಕರೆಯೂ ಇದೆ. ಅದನ್ನು ತೆಗೆದು ಬರೀ ನಿಂಬೆ ಹಿಂಡಿದ ಸಾರು ಚುರುಕಾಗಿ ಚುಚ್ಚುತ್ತದೆ. ಒಂದು ಚೂರು ಬೆಲ್ಲ ಬಿದ್ದರೆ ಸರಿಹೋಗುತ್ತದೆ. ನಮ್ಮ ಕಡೆ ಹುಣಸೆಗೆ ನಿಜವಾದ ಬದಲಿ ನಿಂಬೆಯಲ್ಲ, ಮಾವಿನಕಾಯಿ. ಕೃಷ್ಣಗಿರಿಯ ತೋಪುಗಳಲ್ಲಿ ತೋತಾಪುರಿ ಎಷ್ಟು ಬೆಳೆಯುತ್ತದೆಂದರೆ ತಿರುಳು ತೆಗೆಯುವ ಕಾರ್ಖಾನೆಗಳು ಅದನ್ನೇ ನಂಬಿ ಕೂತಿವೆ, ಮತ್ತು ಕಾರ್ಖಾನೆಗಳು ಕೊಳ್ಳದ ವರ್ಷ ರೈತರು ರಸ್ತೆಗಿಳಿಯುತ್ತಾರೆ. ತೋತಾಪುರಿ ಕಾಯಿ ಬೇರೆ ಮಾವಿನಷ್ಟು ಹುಳಿಯಿಲ್ಲ. ಅದು ಬದಲಿಗೆ ಅನುಕೂಲವೇ: ಹೋಳುಗಳನ್ನು ತುಸು ಧಾರಾಳವಾಗಿ ಹಾಕಬಹುದು, ಬೆಂದು ಕರಗಿ ಹುಣಸೆ ಕೊಡುತ್ತಿದ್ದ ಮೈಯನ್ನೂ ಕೊಡುತ್ತದೆ. ಗಾಳಿಗೆ ಉದುರಿದ ಕಾಯನ್ನು ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ ನಾಲ್ಕು ಬಿಸಿಲು ಕಾಣಿಸಿದರೆ ವರ್ಷಕ್ಕಾಗುವ ಹುಳಿ ಡಬ್ಬಿಯಲ್ಲಿರುತ್ತದೆ. ಬೇಸಿಗೆಯ ಬಾಗಿಲಲ್ಲಿ ಹುಣಸೆಮರವೇ ಇನ್ನೊಂದು ಬದಲಿ ಕೊಡುತ್ತದೆ, ಚಿಗುರು. ಹುಣಸೆ ಚಿಗುರನ್ನು ಬೇಳೆಗೆ ಹಾಕುವ ರೂಢಿ ಇಲ್ಲಿಯ ತೆಲುಗು ಮನೆಗಳದ್ದು, ಕನ್ನಡ ಮನೆಗಳಿಗೂ ಬಂದಿದೆ. ಪುಂಡಿಸೊಪ್ಪು ಸಿಕ್ಕಿದರೆ ಹುಣಸೆಯನ್ನು ಪೂರ್ತಿ ಬಿಡಬಹುದು.

ಯಾವ ಹುಳಿಯಾದರೂ ಒಂದು ಎಚ್ಚರ: ಬೇಳೆ ಬೆಂದ ಮೇಲೆ ಹಾಕಿ. ಬೇಳೆ ಮೆತ್ತಗಾಗುವುದೆಂದರೆ ಅದರ ಕೋಶಗಳನ್ನು ಅಂಟಿಸಿದ ಪೆಕ್ಟಿನ್ ಕರಗುವುದು. ಆಮ್ಲವಿದ್ದರೆ ಪೆಕ್ಟಿನ್ ಬೇಗ ಕರಗುವುದಿಲ್ಲ. ಟೊಮೆಟೊ ಜೊತೆಗೇ ಕುಕ್ಕರಿಗೆ ಹಾಕಿ ರೂಢಿಯಾದವರು ಅದೇ ರೂಢಿಯಲ್ಲಿ ಹುಣಸೆರಸ ಹಾಕಿ ಕೂಗಿಸಿದರೆ ಬೇಳೆ ಹಾಗೇ ಉಳಿಯುತ್ತದೆ. ಟೊಮೆಟೊದ ಮೆಲುಹುಳಿಯನ್ನು ಕುಕ್ಕರು ಮೀರಿಸುತ್ತದೆ, ಹುಣಸೆಯದನ್ನು ಮೀರಿಸಲಾರದು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಯಲ್ಲೇ. ಗ್ಯಾಸು ಉಳಿಸಲೆಂದು ಪಾತ್ರೆಯಲ್ಲಿ ಬೇಯಿಸುವವರು ಚೆನ್ನೈನ ಪುಸ್ತಕ ಹೇಳಿದ್ದಕ್ಕಿಂತ ತುಸು ಹೆಚ್ಚು ಹೊತ್ತು ಕಾಯಬೇಕು.

ಬೇಳೆಯ ಮಾತಿಗೆ ಬಂದರೆ, ಬದಲಿ ಇಲ್ಲಿ ಎಲ್ಲಕ್ಕಿಂತ ಸುಲಭ, ಜನ ಎಲ್ಲಕ್ಕಿಂತ ಹೆಚ್ಚು ಹಿಂಜರಿಯುವುದೂ ಇಲ್ಲೇ. ತೊಗರಿ, ಹೆಸರು, ಅವರೆ, ಅಲಸಂದೆ, ಹುರುಳಿ, ಮಸೂರು ಎಲ್ಲದರಲ್ಲೂ ಪ್ರೋಟೀನು ಶೇ. 20–25ರೊಳಗೆ. ಪ್ರೋಟೀನಿನ ಮಟ್ಟಿಗೆ ಒಂದಕ್ಕೊಂದು ಹೆಚ್ಚುಕಡಿಮೆ ಸಮ, ವ್ಯತ್ಯಾಸ ಬೇಯುವ ಹೊತ್ತಿನದು ಮತ್ತು ಬೆಂದ ಮೇಲಿನ ಮೈಯದು. ತಮಿಳುನಾಡಿನ ರೇಷನ್ ಅಂಗಡಿಯಲ್ಲಿ 30 ರೂಪಾಯಿಗೆ ಸಿಗುವ ಕೆಜಿ ತೊಗರಿಬೇಳೆಯ ಜಾಗದಲ್ಲಿ ಕೆನಡಾದ ಹಳದಿ ಬೇಳೆ ಬಂದ ಕಾಲವೂ ಇದೆ. ಅದು ಮಸೂರಿನ ಜಾತಿ. ತೊಗರಿಯಂತೆ ನಾಲ್ಕು ಕೂಗು ಕೂಗಿಸಿ, ಪೇಸ್ಟಾಯಿತು, ಕಳಪೆ ಮಾಲು ಎಂದು ಬೈದವರುಂಟು. ಎರಡು ಕೂಗಿಗೆ ಇಳಿಸಿದ್ದರೆ ದೂರಿಗೆ ಜಾಗವಿರಲಿಲ್ಲ. ಹೆಸರುಬೇಳೆ ತಣಿದಂತೆ ಗಟ್ಟಿಯಾಗುತ್ತದೆ, ಸಾರನ್ನು ತೆಳ್ಳಗೇ ಇಳಿಸಬೇಕು. ಹುರುಳಿ ರಾತ್ರಿಯಿಡೀ ನೆನೆಯಬೇಕು, ಆಮೇಲೂ ಅದು ಕರಗುವುದಿಲ್ಲ. ಅದರ ಬೆಲೆ ಇರುವುದು ಕಟ್ಟಿನಲ್ಲಿ. ಹುರುಳಿ ಕಟ್ಟಿನ ಸಾರು ತೊಗರಿ ಸಾರಿಗೆ ಬದಲಿ ಎಂದರೆ ಅದಕ್ಕೆ ಅವಮಾನ, ಅದರದೇ ಒಂದು ಅಂತಸ್ತು ಇದೆ.

ನಿಜ ಹೇಳಬೇಕೆಂದರೆ ಈ ಸೀಮೆಯ ಅಡುಗೆಗಳು ಬದಲಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಟ್ಟಿದವು. ಬಸ್ಸಾರು ನೋಡಿ. ಯಾವುದೋ ಒಂದು ಕಾಳು, ಯಾವುದೋ ಒಂದು ಸೊಪ್ಪು ಬೇಯಿಸಿ ಬಸಿದು, ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಯಾವ ಕಾಳು, ಯಾವ ಸೊಪ್ಪು ಎನ್ನುವುದನ್ನು ಹೊಲ ಹೇಳುತ್ತದೆ. ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಕಡೆಯ ಹಳೇ ಬೇಸಾಯದಲ್ಲಿ ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಆ ಸಾಲಿನಲ್ಲಿ. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಮನೆಗೆ ಬರುತ್ತಿತ್ತು. ಅಡುಗೆಯೂ ಆ ಸಾಲಿನಂತೆಯೇ ಹೊಂದಿಕೊಂಡಿತು. ಬೆರಕೆ ಸೊಪ್ಪಿನ ಸಾರಿಗೆ ಅಣ್ಣೆ, ದಂಟು, ನುಗ್ಗೆ, ಗೋಣಿ ಏನಿದ್ದರೂ ಸರಿ. ಒಂದೇ ಷರತ್ತು: ಗುರುತು ಹಿಡಿಯಬಲ್ಲವರು ಕಿತ್ತಿರಬೇಕು. ಗುರುತಿಲ್ಲದ ಸೊಪ್ಪು ಎಂಥ ಬರಗಾಲದಲ್ಲೂ ಬದಲಿಯಲ್ಲ.

ತೆಂಗಿನಕಾಯಿ. 2025ರಲ್ಲಿ ಕಾಯಿ ಬೆಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿ ಮೂರು ಕೆಲಸ ಮಾಡುತ್ತದೆ: ಮಸಾಲೆಗೆ ಮೈ ಕೊಡುತ್ತದೆ, ಕೊಬ್ಬು ಕೊಡುತ್ತದೆ (ಹಸಿಕಾಯಿಯಲ್ಲಿ ಮೂರನೇ ಒಂದು ಪಾಲು ಕೊಬ್ಬು), ತುಸು ಸಿಹಿ ಕೊಡುತ್ತದೆ. ಹುರಿಗಡಲೆ ಮೊದಲನೆಯ ಕೆಲಸ ಮಾತ್ರ ಮಾಡಬಲ್ಲದು. ಚಟ್ನಿಗೆ ಪೂರ್ತಿ ಹುರಿಗಡಲೆ ಹಾಕಿದರೆ ನಾಲಿಗೆಗೆ ಹಿಟ್ಟು ಹಿಟ್ಟು ಎನ್ನಿಸುವುದು ಕೊಬ್ಬಿಲ್ಲದ್ದಕ್ಕೆ. ರುಬ್ಬುವಾಗ ಒಂದು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟರೆ ಆ ಕೊರತೆ ತಪ್ಪುತ್ತದೆ. ಸಾರಿಗಾದರೆ ಇನ್ನೊಂದು ತೊಡಕು: ಕಾಯಿ ಕುದಿದರೆ ಗಟ್ಟಿಯಾಗುವುದಿಲ್ಲ, ಹುರಿಗಡಲೆಯಲ್ಲಿರುವ ಪಿಷ್ಟ ಕುದಿದಂತೆಲ್ಲ ಗಟ್ಟಿಯಾಗುತ್ತದೆ. ಕಾಯಿಯ ಅರ್ಧ ಅಳತೆ ಸಾಕು. ಹುರಿದ ಕಡಲೆಕಾಯಿ ಬೀಜ ಮೈಯನ್ನೂ ಕೊಬ್ಬನ್ನೂ ಒಟ್ಟಿಗೆ ಕೊಡುತ್ತದೆ, ಅರ್ಧದಷ್ಟು ತೂಕ ಎಣ್ಣೆಯೇ ಇರುವುದರಿಂದ ಎಣ್ಣೆ ಬೇರೆ ಬೇಡ. ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮೇಲು ಹುಚ್ಚೆಳ್ಳು. ಬಾಣಲೆಯಲ್ಲಿ ಚಟಪಟ ಅನ್ನುವವರೆಗೆ ಹುರಿದು ಪುಡಿಮಾಡಿಟ್ಟರೆ ಬದನೆಕಾಯಿ ಪಲ್ಯಕ್ಕೂ ಮುದ್ದೆಯ ಸಾರಿಗೂ ಕಾಯಿಯ ನೆನಪೇ ಬರುವುದಿಲ್ಲ. ಬಣ್ಣ ಕಪ್ಪಾಗುತ್ತದೆ ಎನ್ನುವವರು ಕಪ್ಪು ಬಣ್ಣದ ಮುದ್ದೆ ಉಣ್ಣುತ್ತಲೇ ಹಾಗೆನ್ನುತ್ತಾರೆ.

ಈಗ ಅಕ್ಕಿ ಮತ್ತು ರಾಗಿ. ತಮಿಳುನಾಡಿನಲ್ಲಿ 2011ರಿಂದ ರೇಷನ್ ಅಕ್ಕಿ ಪುಕ್ಕಟೆ. ಅದರಲ್ಲಿ ಹಸಿ ಅಕ್ಕಿಯೂ ಇರುತ್ತದೆ, ಪುಳುಂಗಲ್ ಅಕ್ಕಿಯೂ ಇರುತ್ತದೆ. ಈಚೆ ಗಡಿಯ ಕನ್ನಡ ಮನೆಗಳಿಗೆ ಸೋನಾಮಸೂರಿಯ ರೂಢಿ. ಅದು ತೀರಿದ ವಾರ ಪುಳುಂಗಲ್ ಅಕ್ಕಿ ಒಲೆಗೇರುತ್ತದೆ. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಮಿಲ್ಲು ಮಾಡಿದ್ದರಿಂದ ಅದರ ಪಿಷ್ಟ ಒಮ್ಮೆ ಬೆಂದು ಗಟ್ಟಿಯಾಗಿದೆ. ಹಸಿ ಅಕ್ಕಿಗೆ ಕುಕ್ಕರಿನಲ್ಲಿ ಒಂದಕ್ಕೆ ಎರಡೂಕಾಲು ನೀರು ಸಾಕಾದರೆ ಇದಕ್ಕೆ ಮೂರು ಬೇಕು, ಹೊತ್ತೂ ಹೆಚ್ಚು. ಬೆಂದ ಮೇಲೆ ಅಗುಳು ಒಂದಕ್ಕೊಂದು ಅಂಟುವುದಿಲ್ಲ. ಚಿತ್ರಾನ್ನ, ಪುಳಿಯೋಗರೆಗೆ ಅದೇ ಚಂದ. ಪೊಂಗಲ್, ಬಿಸಿಬೇಳೆಬಾತು ಕೂಡಿಕೊಳ್ಳಬೇಕಾದ ಅಡುಗೆಗಳು, ಅಲ್ಲಿ ಹಸಿ ಅಕ್ಕಿಯೇ ಬೇಕು. ಪುಳುಂಗಲ್ ಒಂದೇ ಇದ್ದರೆ ಒಂದು ಹಿಡಿ ಹೆಸರುಬೇಳೆ ಹೆಚ್ಚಿಗೆ ಹಾಕಿ, ಅಂಟು ಅದರಿಂದ ಬರುತ್ತದೆ. ಅಂದಹಾಗೆ, ಈಚೆಗೆ ರೇಷನ್ ಅಕ್ಕಿಯಲ್ಲಿ ನೂರಕ್ಕೊಂದು ಕಾಳಿನಂತೆ ಬೆರೆಸಿರುವ ಬೇರೆ ಬಣ್ಣದ ಕಾಳು ಪ್ಲಾಸ್ಟಿಕ್ಕಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಚ್ಚು ಹಾಕಿದ್ದು. ಆರಿಸಿ ಎಸೆಯಬೇಡಿ.

ತಮಿಳುನಾಡಿನಲ್ಲಿ ರಾಗಿ ಹೆಚ್ಚು ಬೆಳೆಯುವ ಜಿಲ್ಲೆ ಕೃಷ್ಣಗಿರಿ. 2023ರಲ್ಲಿ ಸರ್ಕಾರ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳಲ್ಲಿ ಕಾರ್ಡಿಗೆ ಎರಡು ಕೆಜಿ ಅಕ್ಕಿಯ ಬದಲು ರಾಗಿ ಕೊಡಲು ಶುರುಮಾಡಿತು. ಅಂದರೆ ಅಡುಗೆಮನೆಯ ಬದಲಿ ಸರ್ಕಾರದ ಕಡತಕ್ಕೂ ಏರಿತು. ಅಕ್ಕಿ ಬದಲು ರಾಗಿ ಸರಿ, ರಾಗಿಹಿಟ್ಟೇ ತಳ ಕಂಡಾಗ? ಅದಕ್ಕೂ ಇಲ್ಲಿಯವರು ದಾರಿ ಕಂಡುಕೊಂಡು ತಲೆಮಾರುಗಳಾದವು. ಒಂದು ಹಿಡಿ ಅಕ್ಕಿನುಚ್ಚನ್ನು ನೀರಿನಲ್ಲಿ ಮೆತ್ತಗೆ ಬೇಯಿಸಿ ಅದರ ಮೇಲೆ ಹಿಟ್ಟು ಸುರಿದು ಕೋಲಿನಲ್ಲಿ ತಿರುವಿದರೆ ಹಿಟ್ಟು ಮುಕ್ಕಾಲು ಪಾಲಿಗೇ ಮುದ್ದೆ ಆಗುತ್ತದೆ. ತೆಲುಗಿನವರ ಸಂಗಟಿಯೂ ಇದೇ. ರಾಗಿ ಹಿಟ್ಟು ಒಂದಕ್ಕೆ ನೀರು ಎರಡು ಎಂಬ ಲೆಕ್ಕ ಇಲ್ಲಿ ನಡೆಯದು, ನುಚ್ಚು ಕುಡಿಯುವ ನೀರನ್ನು ಮೇಲೆ ಸೇರಿಸಬೇಕು. ಗೋಧಿಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ. ಅದರ ಗ್ಲುಟೆನ್ ತಿರುವಿದಷ್ಟೂ ಎಳೆಯಾಗಿ ಅಂಟಿಕೊಳ್ಳುತ್ತದೆ, ನುಂಗುವ ಮುದ್ದೆಯಾಗುವುದಿಲ್ಲ. ಗೋಧಿ ಮುಗಿದು ಚಪಾತಿಗೆ ಬದಲಿ ಬೇಕಾದಾಗ ಇದೇ ವಿಷಯ ತಲೆಕೆಳಗು: ರಾಗಿಯಲ್ಲಿ ಆ ಎಳೆ ಇಲ್ಲವಾದ್ದರಿಂದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆರೆಸಿದರೆ ಲಟ್ಟಿಸುವಾಗ ಹರಿಯುತ್ತದೆ. ಹೆಚ್ಚು ಬೆರೆಸಲೇಬೇಕಾದರೆ ಬಿಸಿನೀರಿನಲ್ಲಿ ಕಲಸಿ, ಲಟ್ಟಿಸದೆ ರೊಟ್ಟಿಯಂತೆ ತಟ್ಟಿ.

ಉದ್ದಿನಬೇಳೆ ಇಲ್ಲದ ದಿನ ಇಡ್ಲಿ ಮಾಡಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಬೇಡ, ದೋಸೆ ಮಾಡಿ. ಕಾರಣ ಕೇಳಿ. ರಾತ್ರಿ ಹಿಟ್ಟು ಉಬ್ಬುವುದು ಬೇಳೆಯ ಮೇಲೆಯೇ ಇರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ. ಅನಿಲ ಹುಟ್ಟಿದರಾಗಲಿಲ್ಲ, ಹಿಟ್ಟಿನೊಳಗೆ ನಿಲ್ಲಬೇಕು. ನಿಲ್ಲಿಸುವುದು ಉದ್ದಿನ ಲೋಳೆ ಮತ್ತು ಅದರ ಪ್ರೋಟೀನು. ಆ ಲೋಳೆ ಬೇರೆ ಬೇಳೆಗಳಲ್ಲಿ ಅಷ್ಟಿಲ್ಲ. ಹೆಸರುಬೇಳೆ ಹಾಕಿದ ಇಡ್ಲಿ ಹುಳಿಯುತ್ತದೆ, ಉಬ್ಬುವುದಿಲ್ಲ, ತಟ್ಟೆಯಿಂದ ಬಿಲ್ಲೆಯಾಗಿ ಏಳುತ್ತದೆ. ಉದ್ದು ಕಡಿಮೆ ಇದೆ, ಪೂರ್ತಿ ಇಲ್ಲದೇನಿಲ್ಲ ಎಂದಾದರೆ ಮೆಂತ್ಯ ನೆರವಿಗೆ ಬರುತ್ತದೆ, ಅದರಲ್ಲೂ ಲೋಳೆ ಇದೆ. ಒಂದು ಲೋಟ ಉದ್ದು ಬೇಕಾದಲ್ಲಿ ಮುಕ್ಕಾಲು ಲೋಟ ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ನೆನೆದ ಅವಲಕ್ಕಿ ಸಾಕು. ಅದಕ್ಕಿಂತ ಇಳಿದರೆ ದೋಸೆಯ ಕಡೆ ತಿರುಗಿ. ಮೆಂತ್ಯ ದೋಸೆಗೆ ಉದ್ದು ಇಲ್ಲದೆ ನಡೆಯುತ್ತದೆ, ನೀರುದೋಸೆಗೆ ಉದ್ದೂ ಬೇಡ, ಹುಳಿಯುವುದೂ ಬೇಡ. ಡಿಸೆಂಬರ್, ಜನವರಿಯಲ್ಲಿ ಹೊಸೂರಿನ ಚಳಿಗೆ ಪೂರ್ತಿ ಉದ್ದು ಹಾಕಿದ ಹಿಟ್ಟೇ ಬೆಳಗಾದರೂ ಏಳದೆ ಮಲಗಿರುತ್ತದೆ, ಆಗ ಬದಲಿ ಬೇಳೆಯನ್ನು ದೂರಬೇಡಿ. ಹಿಟ್ಟನ್ನು ಹಿಂದಿನ ರಾತ್ರಿ ಬಿಸಿ ಒಲೆಯ ಪಕ್ಕ ಇಡಿ.

ಇಡ್ಲಿಯ ಎರಡು ಕೆಲಸಗಳನ್ನು ಬಿಡಿಸಿ ಎರಡಕ್ಕೂ ಬದಲಿ ಕಂಡುಕೊಂಡ ಒಂದು ದೊಡ್ಡ ಉದಾಹರಣೆ ನಲವತ್ತು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿದೆ. 1942ರಲ್ಲಿ ಜಪಾನಿನ ಸೇನೆ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಯುದ್ಧಕಾಲದ ಆ ಅಕ್ಕಿ ಅಭಾವದಲ್ಲೇ ತನ್ನ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತೆಂದು 1924ರಲ್ಲಿ ಆರಂಭವಾದ ಎಂಟಿಆರ್ ಹೋಟೆಲು ಹೇಳಿಕೊಳ್ಳುತ್ತದೆ. ಅಕ್ಕಿಯ ಜಾಗಕ್ಕೆ ಗೋಧಿರವೆ ಬಂತು. ರವೆಗೆ ರಾತ್ರಿಯಿಡೀ ಉಬ್ಬುವ ಶಕ್ತಿ ಇಲ್ಲದ್ದರಿಂದ ಅನಿಲದ ಕೆಲಸವನ್ನು ಹುಳಿಮೊಸರು ಮತ್ತು ಅಡುಗೆ ಸೋಡಾ ವಹಿಸಿಕೊಂಡವು: ಆಮ್ಲ, ಕ್ಷಾರ ಸೇರಿದೊಡನೆ ಅದೇ ಇಂಗಾಲದ ಡೈಆಕ್ಸೈಡ್, ರಾತ್ರಿಯ ಕೆಲಸ ಐದು ನಿಮಿಷದಲ್ಲಿ. ತುಪ್ಪದಲ್ಲಿ ರವೆ ಹುರಿಯುವುದು ಘಮಕ್ಕೆ ಮಾತ್ರವಲ್ಲ, ಕಾಳಿಗೆ ಜಿಡ್ಡು ಹತ್ತಿ ಗಂಟುಕಟ್ಟದಿರಲಿ ಎಂದೂ ಹೌದು. ಕಾಲು ಚಮಚ ಸೋಡಾಕ್ಕೆ ಅರ್ಧ ಲೋಟ ಹುಳಿಮೊಸರು ಬೇಕು. ಮೊಸರು ಸಿಹಿಯಾಗಿದ್ದರೆ ಸೋಡಾ ಮಿಕ್ಕು ಸಾಬೂನಿನ ರುಚಿ ಬರುತ್ತದೆ, ಆಗ ಅರ್ಧ ನಿಂಬೆ ಹಿಂಡಿ. ಸೋಡಾ ಬದಲು ಈನೋ ಹಾಕುವವರು ಹುಳಿ ಸೇರಿಸಬೇಕಿಲ್ಲ, ಅದರೊಳಗೇ ಸಿಟ್ರಿಕ್ ಆಮ್ಲ ಇದೆ.

ಬದಲಿ ಹೊಟ್ಟೆ ತುಂಬಿಸಿದರೂ ಮೈಗೆ ಹತ್ತದಿರಬಹುದು ಎನ್ನುವುದಕ್ಕೂ ಒಂದು ಪಾಠ ಕನ್ನಡನಾಡಿನದೇ ಇದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಕ್ಕಿಯ ಕೊರತೆಗೆ ಮರಗೆಣಸಿನ ಹಿಟ್ಟನ್ನು ಪರಿಗಣಿಸಿತು. ಮರಗೆಣಸು ಸೇಲಂ, ಧರ್ಮಪುರಿ ಕಡೆ ಹೇರಳ, ಸಬ್ಬಕ್ಕಿ ಆಗುವುದೂ ಅದರಿಂದಲೇ. ಆದರೆ ಅದು ಬರೀ ಪಿಷ್ಟ, ಅಕ್ಕಿಯಲ್ಲಿ ಶೇ. 7ರಷ್ಟಾದರೂ ಪ್ರೋಟೀನಿದೆ, ಮರಗೆಣಸಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ಆ ಹಳ್ಳ ತುಂಬಲು ಮುಕ್ಕಾಲು ಪಾಲು ಮರಗೆಣಸಿನ ಹಿಟ್ಟಿಗೆ ಕಾಲು ಪಾಲು ಕಡಲೆಕಾಯಿ ಹಿಟ್ಟು ಬೆರೆಸಿದರು, ಅದು ಮೈಸೂರು ಹಿಟ್ಟು ಎಂದು ಹೆಸರಾಯಿತು. ಇವತ್ತಿಗೂ ಅಕ್ಕಿ ಬದಲು ಸಬ್ಬಕ್ಕಿಯನ್ನೋ ಮರಗೆಣಸನ್ನೋ ಬೇಯಿಸುವವರು ಜೊತೆಗೆ ಕಡಲೆಕಾಯಿಯನ್ನೋ ಕಾಳನ್ನೋ ಸೇರಿಸುವುದು ಇದೇ ಕಾರಣಕ್ಕೆ ಒಳ್ಳೆಯದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಕ್ಕರೆ ಬದಲು ಬೆಲ್ಲವಾದರೆ ಕಾಲು ಪಾಲು ಹೆಚ್ಚಿಗೆ. ಹಾಲಿನ ಪಾಯಸಕ್ಕೆ ಒಲೆ ಆರಿಸಿ ತಣಿದ ಮೇಲೆ ಹಾಕಿ, ಇಲ್ಲವಾದರೆ ಬೆಲ್ಲದ ಹುಳಿಗೆ ಹಾಲು ಒಡೆಯುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾದಾಗ, ಅದರ ಬೆನ್ನಿಗೇ ಇಂಡೋನೇಷ್ಯಾ ಪಾಮೆಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿದಾಗ ಎಲ್ಲರೂ ರೇಷನ್ನಿನ 25 ರೂಪಾಯಿಯ ಪಾಮೋಲಿನ್ ಪ್ಯಾಕೆಟ್ಟಿನ ಕಡೆ ನೋಡಿದರು. ಕರಿಯಲು ಅದು ಒಳ್ಳೆಯ ಬದಲಿ, ಕಾವಿಗೆ ಬೇಗ ಕೆಡುವುದಿಲ್ಲ. ಚಳಿಗೆ ಮಬ್ಬಾಗಿ ಹೆಪ್ಪುಗಟ್ಟಿದರೆ ಅದು ಕಲಬೆರಕೆಯ ಗುರುತಲ್ಲ. ದಿನದ ಒಗ್ಗರಣೆಗೆ, ಹೃದಯದ ತೊಂದರೆ ಇರುವವರ ಮನೆಯಲ್ಲಿ, ಕಡಲೆಕಾಯಿ ಎಣ್ಣೆಯೇ ಇರಲಿ. ಈರುಳ್ಳಿ ಇಲ್ಲದ ದಿನ ಘಮಕ್ಕೆ ಇಂಗು, ಮೈಗೆ ತುರಿದ ಎಲೆಕೋಸು ಅಥವಾ ಸೋರೆಕಾಯಿ.

ಮೆಣಸಿನಕಾಯಿಯಲ್ಲಿ ಬಣ್ಣ ಬೇರೆ, ಖಾರ ಬೇರೆ. 2020ರ ಮಾರ್ಚ್ 25ರ ಲಾಕ್‌ಡೌನಿನಲ್ಲಿ ರಾಜ್ಯದ ಗಡಿಯ ಅತ್ತಿಬೆಲೆ ಮತ್ತು ಜೂಜುವಾಡಿ ನಡುವಿನ ಓಡಾಟ ನಿಂತಾಗ ಬಣ್ಣದ ಬ್ಯಾಡಗಿ ಇಲ್ಲದೆ ಖಾರದ ಗುಂಟೂರಿನಲ್ಲೇ ಸಾರಿನಪುಡಿ ಮಾಡಿಕೊಂಡವರು ಬಣ್ಣಕ್ಕೆಂದು ಅದೇ ಅಳತೆ ಹಾಕಿ ಬಾಯಿ ಸುಟ್ಟುಕೊಂಡಿರಬಹುದು. ಗುಂಟೂರನ್ನು ಮೂರನೇ ಒಂದು ಪಾಲಿಗೆ ಇಳಿಸಿ, ಸೀಳಿ ಒಳಗಿನ ಬಿಳಿ ನಾರು ತೆಗೆಯಿರಿ; ಖಾರದ ಮನೆ ಬೀಜವಲ್ಲ, ಆ ನಾರು. ಕಡಿಮೆಯಾದ ಬಣ್ಣಕ್ಕೆ ಬೇಯಿಸಿ ಮಸೆದ ಸಿಹಿಗುಂಬಳ ಅಥವಾ ಕ್ಯಾರೆಟ್ ಸಾಕು, ಅಲ್ಪ ಸಿಹಿಯನ್ನು ಹುಣಸೆ ಮುಚ್ಚಿಕೊಳ್ಳುತ್ತದೆ. ಕೋಳಿಸಾರಿನ ಟೊಮೆಟೊಗೂ ಇದೇ ಉಪಾಯ.

ಬದಲಿ ಕೂಡದ ಜಾಗಗಳೂ ಇವೆ. ಉಪ್ಪಿನಕಾಯಿಯ ಉಪ್ಪು ರುಚಿಗೆ ಹಾಕಿದ್ದಲ್ಲ, ಕಾವಲಿಗೆ ಹಾಕಿದ್ದು. ಕಲ್ಲುಪ್ಪು ಮುಗಿದು ಪುಡಿ ಉಪ್ಪು ಹಾಕುವುದಾದರೆ ಲೋಟದಲ್ಲಿ ಅಳೆಯಬೇಡಿ, ತೂಗಿ. ಒಂದೇ ಲೋಟದಲ್ಲಿ ಎರಡರ ತೂಕ ಒಂದೇ ಅಲ್ಲ. ಮಾವಿನಕಾಯಿಯ ತೂಕಕ್ಕೆ ಶೇ. 15ರ ಕೆಳಗೆ ಉಪ್ಪು ಇಳಿಸಿದರೆ ಬೂಸ್ಟು ಹಿಡಿಯಬಹುದು. ಎಳ್ಳೆಣ್ಣೆಗೆ ಬೇಗ ಕಮಟದಿರುವ ಗುಣ ಅದರೊಳಗೇ ಇದೆ, ವರ್ಷದ ಉಪ್ಪಿನಕಾಯಿಗೆ ಅದೇ ಇರಲಿ. ಕಡಿಮೆ ಸೋಡಿಯಂ ಉಪ್ಪೆಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ಬದಲಾಯಿಸಬೇಡಿ. ಕಡಲೆಕಾಯಿ, ಎಳ್ಳು ಆಗದವರು ಪಂಕ್ತಿಯಲ್ಲಿದ್ದರೆ ಕಾಯಿ ಬದಲು ಏನು ಹಾಕಿದ್ದೀರೆಂದು ಬಡಿಸುವ ಮೊದಲೇ ಹೇಳಿ. ಮಗುವಿನ ಪುಡಿಹಾಲು ತಳ ಕಂಡಿತೆಂದು ನೀರು ಹೆಚ್ಚು ಬೆರೆಸಿ ಎಳೆಯಬೇಡಿ, ಆರು ತಿಂಗಳು ತುಂಬದ ಮಗುವಿಗೆ ರಾಗಿಸರಿಯೂ ಬದಲಿಯಲ್ಲ. ಆ ಹೊತ್ತಿನಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿ, ಇಲ್ಲವೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ.